6 ಟೆಸ್ಟನ್ನು 67 ಟೆಸ್ಟಿನ ಪಕ್ಕ ಇಡುವುದು ಹೇಗೆ?

ಗೆಂಡೆಹಳ್ಳಿ, ಹಳೇಬೀಡು ಕಡೆಯ ಹುಡುಗರು ಹಾಸ್ಟೆಲ್ಲಿನಲ್ಲಿ ಇದ್ದರೆ ಜಾವಗಲ್ ಶ್ರೀನಾಥ್ ಬಗ್ಗೆ ಹಗುರವಾಗಿ ಮಾತಾಡೋ ಹಾಗಿಲ್ಲ. ಹೆಸರಲ್ಲೇ ಅರಸೀಕೆರೆ ತಾಲ್ಲೂಕಿನ ಊರಿದೆ, ನಮ್ಮ ಕಡೆಯವರು ಅಂತ ಹಕ್ಕು. (ಹುಟ್ಟಿದ್ದು ಮೈಸೂರಲ್ಲಿ ಅಂದರೆ ಜಗಳಕ್ಕೇ ಬರ್ತಾರೆ.) ನಮಗೆಲ್ಲ ಇನ್ನೊಂದು ಹಕ್ಕೂ ಇದೆ: ಅವರು ಮೈಸೂರಿನ ಎಸ್‌ಜೆಸಿಇಯಲ್ಲಿ ಇನ್‌ಸ್ಟ್ರುಮೆಂಟೇಶನ್ ಓದಿದ ಎಂಜಿನಿಯರ್. ಹಾಗಾಗಿ ಪ್ರಸಿದ್ಧ ಕೃಷ್ಣ 'ಮುಂದಿನ ಶ್ರೀನಾಥ್' ಹೌದೋ ಅಲ್ಲವೋ ಎಂಬ ಜಗಳವನ್ನು ಲ್ಯಾಬ್ ರೀಡಿಂಗ್ ನೋಡುವ ಹಾಗೆ ಒಮ್ಮೆ ನೋಡೋಣ.

ಶ್ರೀನಾಥ್: 67 ಟೆಸ್ಟ್, 236 ವಿಕೆಟ್, ಸರಾಸರಿ 30.49. ಏಕದಿನದಲ್ಲಿ 315 ವಿಕೆಟ್. ಪ್ರಸಿದ್ಧ: 2025ರ ಆಗಸ್ಟ್‌ನಲ್ಲಿ ಓವಲ್ ಟೆಸ್ಟ್ ಮುಗಿದಾಗ 6 ಟೆಸ್ಟ್, 22 ವಿಕೆಟ್. ಇವನ್ನು ಅಕ್ಕಪಕ್ಕ ಇಟ್ಟರೆ ಏನೂ ತಿಳಿಯಲ್ಲ. ಒಂದೇ ಹಂತದಲ್ಲಿ ಇಬ್ಬರನ್ನೂ ಅಳೆಯಬೇಕು. 1991-92ರ ಆಸ್ಟ್ರೇಲಿಯಾ ಪ್ರವಾಸ ಶ್ರೀನಾಥ್ ಅವರ ಮೊದಲ ಸರಣಿ. 5 ಟೆಸ್ಟ್‌ನಲ್ಲಿ ಸಿಕ್ಕಿದ್ದು 10 ವಿಕೆಟ್. ಅಲ್ಲಿಗೇ ಫೈಲ್ ಮುಚ್ಚಿದ್ದರೆ ಇವತ್ತು ಹೋಲಿಸೋಕೆ ಹೆಸರೇ ಇರುತ್ತಿರಲಿಲ್ಲ.

ಫೈಲ್ ಮುಚ್ಚಿದ್ದೂ ಇದೆ. ಅರಸೀಕೆರೆಯಲ್ಲೇ ಹುಟ್ಟಿದ ಡೇವಿಡ್ ಜಾನ್ಸನ್ ನಿಜಕ್ಕೂ ವೇಗಿ. 1996ರಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಒಂದು, ಡರ್ಬನ್‌ನಲ್ಲಿ ಇನ್ನೊಂದು ಟೆಸ್ಟ್, 3 ವಿಕೆಟ್, ಅಷ್ಟೇ. ಎರಡು ಟೆಸ್ಟ್‌ನ ಸ್ಯಾಂಪಲ್ ಇಟ್ಟುಕೊಂಡು ಯಾವ ಗ್ರಾಫ್ ಎಳೆಯೋಕಾಗುತ್ತೆ?

ಹಾಗಂತ ಪ್ರಸಿದ್ಧ ಮೇಲಿನ ದೂರು ಸುಳ್ಳಲ್ಲ. ಲೀಡ್ಸ್‌ನ ಮೊದಲ ಇನಿಂಗ್ಸ್‌ನಲ್ಲಿ 20 ಓವರ್‌ಗೆ 128 ರನ್, ಅಂದರೆ ಓವರಿಗೆ 6.4. ಎಜ್‌ಬಾಸ್ಟನ್‌ನಲ್ಲಿ ಜೇಮಿ ಸ್ಮಿತ್ ಒಂದೇ ಓವರ್‌ನಲ್ಲಿ 23 ರನ್ ಚಚ್ಚಿದರು. ಎತ್ತರದ ಬೌಲರ್‌ಗೆ ಬೌನ್ಸ್ ಪುಕ್ಕಟೆ ಸಿಗುತ್ತೆ, ಅದನ್ನೇ ನಂಬಿ ಚೆಂಡನ್ನು ಮೋಟಾಗಿ ಹಾಕುವ ಚಟವೂ ಅದರ ಜೊತೆಗೇ ಬರುತ್ತೆ. ಶ್ರೀನಾಥ್ ಅವರಿಗೂ ಶುರುವಿನಲ್ಲಿ ಇದೇ ಚಟ ಇತ್ತು. ಚೆಂಡನ್ನು ಮುಂದೆ ಪಿಚ್ ಮಾಡೋದು ರೂಢಿಯಾಗಲು ವರ್ಷಗಳೇ ಹಿಡಿದವು. ಆದರೆ ಇಡೀ ವೃತ್ತಿಯಲ್ಲಿ ಅವರು ಟೆಸ್ಟ್‌ನಲ್ಲಿ ಕೊಟ್ಟಿದ್ದು ಓವರಿಗೆ ಮೂರಕ್ಕಿಂತ ಕಡಿಮೆ ರನ್. ಕಾಲ ಬದಲಾಗಿದೆ, ಒಪ್ಪೋಣ. ಆದರೂ 6.4 ಜಾಸ್ತಿನೇ!

ಇನ್ನು ಮೈಯ ಲೆಕ್ಕ. ಮೆಕ್ಯಾನಿಕಲ್‌ನವರಿಗೆ ಫಟೀಗ್ ಅಂದರೆ ಗೊತ್ತು: ಒಂದೇ ಏಟಿಗೆ ಮುರಿಯದ ಲೋಹ, ಸಣ್ಣ ಹೊರೆಯನ್ನೇ ಸಾವಿರಾರು ಸಲ ಹಾಕಿದರೆ ಬಿರುಕು ಬಿಡುತ್ತೆ. ವೇಗಿಯ ಸೊಂಟದ ಮೂಳೆಯಲ್ಲಿ ಆಗೋದೂ ಹೆಚ್ಚುಕಮ್ಮಿ ಅದೇ. ಪ್ರತಿ ಎಸೆತಕ್ಕೂ ಬೆನ್ನು ಬಗ್ಗಿ, ತಿರುಗಿ, ಮುಂಗಾಲಿನ ಏಟನ್ನ ತಡೀಬೇಕು. ಪ್ರಸಿದ್ಧಗೆ ಬಂದದ್ದು ಈ ಸ್ಟ್ರೆಸ್ ಫ್ರಾಕ್ಚರ್. ಅದರಿಂದ 2023ರ ಐಪಿಎಲ್ ಪೂರ್ತಿ ತಪ್ಪಿತು. ಲೋಹಕ್ಕಿಲ್ಲದ ಒಂದು ಗುಣ ಮೂಳೆಗಿದೆ, ವಿಶ್ರಾಂತಿ ಕೊಟ್ಟರೆ ಕೂಡಿಕೊಳ್ಳುತ್ತೆ. ಶ್ರೀನಾಥ್ ಅವರಿಗೆ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆ ಆಯ್ತು. ವಾಪಸ್ ಬಂದು 2003ರ ವಿಶ್ವಕಪ್ ಫೈನಲ್‌ವರೆಗೆ ಆಡಿದರು. ನಮ್ಮ ಲೆಕ್ಕದಲ್ಲಿ 236ಕ್ಕಿಂತ ಇದೇ ದೊಡ್ಡದು.

ಗೆಲುವು ಸೋಲಿನಿಂದ ಬೌಲರನ್ನ ಅಳೆಯೋದಂತೂ ಬೇಡ. 1999ರಲ್ಲಿ ಕೋಲ್ಕತ್ತಾದಲ್ಲಿ ಪಾಕಿಸ್ತಾನದ ವಿರುದ್ಧ ಶ್ರೀನಾಥ್ 132 ರನ್ನಿಗೆ 13 ವಿಕೆಟ್ ತೆಗೆದರು, ಭಾರತ 46 ರನ್ನಿಂದ ಸೋತಿತು. ಓವಲ್‌ನಲ್ಲಿ ಪ್ರಸಿದ್ಧ ಎರಡೂ ಇನಿಂಗ್ಸ್‌ನಲ್ಲಿ ನಾಲ್ಕು ನಾಲ್ಕು ವಿಕೆಟ್ ತೆಗೆದರು, ಭಾರತ 6 ರನ್ನಿಂದ ಗೆದ್ದಿತು. ಇನ್ನೊಂದು ತುದಿಯಲ್ಲಿ ಸಿರಾಜ್ ಇದ್ದರು, ಒಟ್ಟು 9 ವಿಕೆಟ್ ಅವರದ್ದು. ಆದರೆ ಎರಡನೇ ಇನಿಂಗ್ಸ್‌ನಲ್ಲಿ ಶತಕ ಹೊಡೆದು ನಿಂತಿದ್ದ ರೂಟ್ ವಿಕೆಟ್ ಪ್ರಸಿದ್ಧ ಅವರದೇ. ಎಜ್‌ಬಾಸ್ಟನ್ ನೋಡಿ ಕೈಬಿಟ್ಟಿದ್ದರೆ ಓವಲ್ ಇರುತ್ತಿತ್ತಾ?

ನಾವು ಗಮನಿಸಿದ ಇನ್ನೊಂದು ಸಂಗತಿ: ಈ 6 ಟೆಸ್ಟೂ ಹೊರದೇಶದವು, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಇಂಗ್ಲೆಂಡ್. ತವರಿನಲ್ಲಿ ಸ್ಪಿನ್ನರುಗಳದ್ದೇ ರಾಜ್ಯ. ಶ್ರೀನಾಥ್ ಅವರೂ ತವರಿನ ಮೊದಲ ಟೆಸ್ಟ್‌ಗೆ 1994ರ ಕೊನೆಯವರೆಗೆ ಕಾದರು. ಎರಡು ವರ್ಷದ ನಂತರ ಅಹಮದಾಬಾದ್‌ನಲ್ಲಿ 170 ರನ್ ಬೆನ್ನತ್ತಿದ ದಕ್ಷಿಣ ಆಫ್ರಿಕಾವನ್ನು 105ಕ್ಕೆ ಮುಗಿಸಿದ್ದು ಅವರೇ, 21 ರನ್ನಿಗೆ 6 ವಿಕೆಟ್. ಬೌನ್ಸ್ ಸಿಗದ ಇಂಥ ಪಿಚ್‌ನಲ್ಲಿ ಪ್ರಸಿದ್ಧ ಹಳೆ ಚೆಂಡು ಹಿಡಿದು ಮೂರನೇ ಸ್ಪೆಲ್‌ಗೆ ಬಂದಾಗ ಏನು ಮಾಡ್ತಾರೆ ಅನ್ನೋದರ ರೀಡಿಂಗ್ ಈ ಆರು ಟೆಸ್ಟ್‌ಗಳಲ್ಲಿ ಇಲ್ಲ.