ಕಾಡ್ಗಿಚ್ಚಿನ ಹಿಂದೆ ಬರುವ ನೆರೆ

ಅರಸೀಕೆರೆಯ ಹೆಸರಿನಲ್ಲಿಯೇ ನೀರಿದೆ. ಹೊಯ್ಸಳರ ಕಾಲದಲ್ಲಿ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಈ ಹೆಸರು ಬಂದಿತೆಂದು ಪ್ರತೀತಿ. ಸುಮಾರು 1220ರಲ್ಲಿ ನಿರ್ಮಿತವಾದ ಇಲ್ಲಿನ ಶಿವಾಲಯವು ಆ ಕಾಲದ ವೈಭವವನ್ನು ಇಂದಿಗೂ ಸಾರುತ್ತಿದೆ. ಹೆಸರು ಹೀಗಿದ್ದರೂ ಸೀಮೆ ಒಣಸೀಮೆಯೇ. ಇದೇ ಹಾಸನ ಜಿಲ್ಲೆಯ ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕಿ ಮಳೆಯಾದರೆ, ಅರಸೀಕೆರೆಗೆ ದೊರೆಯುವುದು 700 ಮಿಲಿಮೀಟರಿನ ಆಸುಪಾಸು ಮಾತ್ರ. ಇಂತಹ ಬಯಲುಸೀಮೆಯಲ್ಲಿ ನೆರೆಯ ಮಾತೆತ್ತುವುದು ವಿಚಿತ್ರವೆಂದು ತೋರಬಹುದು. ಆದರೆ ಒಣಸೀಮೆಯ ಮಳೆ ಮಲೆನಾಡಿನ ಜಿಟಿಜಿಟಿ ಮಳೆಯಲ್ಲ. ಅದು ಗುಡುಗು ಸಿಡಿಲುಗಳೊಡನೆ ಬಂದು, ಒಂದೆರಡು ಗಂಟೆಗಳಲ್ಲಿ ಸುರಿದು ಹೋಗುವ ಮಳೆ. ಮೇಲಾಗಿ, ಅದು ಬೀಳುವ ಗುಡ್ಡ ಆಗತಾನೆ ಸುಟ್ಟು ಕರಿಯಾಗಿದ್ದರೆ ಏನಾಗುತ್ತದೆ ಎಂಬುದು ವಿಚಾರ ಮಾಡತಕ್ಕ ವಿಷಯ.

ಹಿರೇಕಲ್ಲು ಗುಡ್ಡ, ಜೇನುಕಲ್ಲು ಸಿದ್ಧೇಶ್ವರನ ಬೆಟ್ಟ, ಮಾಲೇಕಲ್ಲು ತಿರುಪತಿಯ ಬೆಟ್ಟ ಮೊದಲಾದವು ಈ ತಾಲ್ಲೂಕಿನ ಜನರಿಗೆ ಚಿರಪರಿಚಿತ. ಇಂತಹ ಗುಡ್ಡಗಳಲ್ಲಿ ಬೆಳೆಯುವುದು ಕುರುಚಲು ಕಾಡು ಮತ್ತು ಹುಲ್ಲು. ಸಂಕ್ರಾಂತಿ ಕಳೆದ ಮೇಲೆ ಹುಲ್ಲು ಒಣಗಿ ನಿಲ್ಲುತ್ತದೆ. ಕಾಡ್ಗಿಚ್ಚು ತಾನಾಗಿ ಹುಟ್ಟುವುದು ಈ ನಾಡಿನಲ್ಲಿ ಅಪರೂಪ. ಹೊಸ ಹುಲ್ಲು ಬೇಗ ಚಿಗುರಲೆಂದು ಹಚ್ಚಿದ ಬೆಂಕಿ, ಎಸೆದ ಬೀಡಿಯ ತುಂಡು, ಹೊಲದ ಕಸ ಸುಡಲು ಹೋಗಿ ಕೈಮೀರಿದ ಕಿಚ್ಚು, ಇವೇ ಹೆಚ್ಚಿನವು. 2019ರ ಫೆಬ್ರುವರಿ ತಿಂಗಳಿನಲ್ಲಿ ಬಂಡೀಪುರದ ಅರಣ್ಯದಲ್ಲಿ ಕೆಲವೇ ದಿನಗಳೊಳಗೆ ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕಿ ಕಾಡು ಸುಟ್ಟುದನ್ನು ನಾಡೆಲ್ಲ ಕಂಡಿತು. ಬೆಂಕಿ ಆರಿದೊಡನೆ ಜನ ನಿಟ್ಟುಸಿರು ಬಿಡುತ್ತಾರೆ. ಆದರೆ ಬೆಟ್ಟದ ಬುಡದಲ್ಲಿ ವಾಸಿಸುವವರಿಗೆ ಅಪಾಯದ ಎರಡನೆಯ ಅಧ್ಯಾಯ ಪ್ರಾರಂಭವಾಗುವುದು ಆಗಲೇ.

ಇದಕ್ಕೆ ಕಾರಣವೇನು? ಹಸುರಿರುವ ಇಳಿಜಾರಿನಲ್ಲಿ ಮಳೆಹನಿ ಮೊದಲು ಎಲೆಯ ಮೇಲೆ, ಅನಂತರ ತರಗಿನ ಮೇಲೆ ಬಿದ್ದು, ತನ್ನ ವೇಗವನ್ನು ಕಳೆದುಕೊಂಡು ನೆಲಕ್ಕಿಳಿಯುತ್ತದೆ. ಬೇರುಗಳು ತೋಡಿದ ಸೂಕ್ಷ್ಮ ದಾರಿಗಳಲ್ಲಿ ನೀರು ಇಂಗುತ್ತದೆ. ಕಿಚ್ಚು ಈ ಹೊದಿಕೆಯನ್ನೆಲ್ಲ ತೆಗೆದುಬಿಡುತ್ತದೆ. ಬೂದಿಯು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಬೆಂಕಿಯ ಕಾವು ಹೆಚ್ಚಾಗಿದ್ದರೆ ಇನ್ನೊಂದು ವಿಶೇಷವೂ ನಡೆಯುತ್ತದೆ. ಎಲೆ ತರಗುಗಳಲ್ಲಿರುವ ಮೇಣದಂತಹ ವಸ್ತುಗಳು ಆವಿಯಾಗಿ ಮಣ್ಣಿನೊಳಕ್ಕಿಳಿದು, ಕೆಳಗಿನ ತಣ್ಣನೆಯ ಪದರದಲ್ಲಿ ಪುನಃ ಗಟ್ಟಿಯಾಗಿ ಮಣ್ಣಿನ ಕಣಗಳಿಗೆ ಲೇಪವಾಗಿ ಕೂರುತ್ತವೆ. ಆಗ ಮಣ್ಣು ನೀರನ್ನು ಒಲ್ಲೆನ್ನುತ್ತದೆ. ಕೆಸುವಿನ ಎಲೆಯ ಮೇಲೆ ನೀರು ನಿಂತಂತೆ ಹನಿಯು ನೆಲದ ಮೇಲೆ ಮುತ್ತಾಗಿ ನಿಲ್ಲುತ್ತದೆ. ಇದನ್ನು ಪರೀಕ್ಷಿಸುವುದು ಕಷ್ಟವೇನೂ ಅಲ್ಲ. ಬೂದಿಯನ್ನು ಮೆಲ್ಲನೆ ಸರಿಸಿ ಒಂದು ಹನಿ ನೀರು ಬಿಡಬೇಕು. ಐದು ಸೆಕೆಂಡು ಕಳೆದರೂ ಅದು ಇಂಗದಿದ್ದರೆ ಆ ಮಣ್ಣಿಗೆ ಈ ದೋಷ ತಗಲಿದೆಯೆಂದು ತಿಳಿಯಬಹುದು. ಬರೀ ಹುಲ್ಲು ಸುಟ್ಟಲ್ಲಿ ಬೆಂಕಿ ಬೇಗ ಸರಿದುಹೋಗುವುದರಿಂದ ಲೇಪ ಅಷ್ಟಾಗಿ ಆಗುವುದಿಲ್ಲ. ಅಲ್ಲಿ ನೆಲ ಬೆತ್ತಲಾದುದೇ ಮುಖ್ಯ ಕಾರಣ. ಬಿದ್ದ ಮರ, ಒತ್ತಾದ ಪೊದೆ, ಬಿದಿರಿನ ಮೆಳೆ ಉರಿದಲ್ಲಿಯಾದರೋ ಎರಡೂ ಸೇರುತ್ತವೆ.

ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಒಂದು ಹೆಕ್ಟೇರಿನ ಮೇಲೆ 40 ಮಿಲಿಮೀಟರು ಮಳೆಯೆಂದರೆ ನಾಲ್ಕು ಲಕ್ಷ ಲೀಟರು ನೀರು. ಐವತ್ತು ಹೆಕ್ಟೇರಿನ ಒಂದು ಇಳಿಜಾರಿನಲ್ಲಿ ಎರಡು ಕೋಟಿ ಲೀಟರು ಆಯಿತು. ಹಸುರಿದ್ದಾಗ ಅದರ ಕಾಲು ಭಾಗ ಹರಿದುಬರುತ್ತದೆಂದು ಇಟ್ಟುಕೊಂಡರೆ 50 ಲಕ್ಷ ಲೀಟರು. ಸುಟ್ಟ ಬಳಿಕ ಮುಕ್ಕಾಲು ಭಾಗ ಹರಿದರೆ ಒಂದೂವರೆ ಕೋಟಿ. ಮಳೆ ಅದೇ, ಹಳ್ಳವೂ ಅದೇ, ನೀರು ಮಾತ್ರ ಮೂರು ಪಟ್ಟು. ಅದೂ ಬರಿಯ ನೀರಲ್ಲ. ಬೂದಿ, ಮಣ್ಣು, ಕಲ್ಲು, ಅರೆಸುಟ್ಟ ಕೊರಡುಗಳನ್ನು ಹೊತ್ತು ಬರುವ ಕೆಸರು.

ಕಾಲದ ದೃಷ್ಟಿಯಿಂದ ಈ ಸೀಮೆಗೆ ಇನ್ನೊಂದು ತೊಡಕಿದೆ. ಗುಡ್ಡ ಉರಿಯುವುದು ಜನವರಿಯಿಂದ ಏಪ್ರಿಲಿನವರೆಗೆ. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ಗುಡುಗಿನೊಡನೆ ಬರುವುದು ಏಪ್ರಿಲಿನ ನಡುವಿನಿಂದ ಮೇ ಅಂತ್ಯದವರೆಗೆ. ಹೊಸ ಚಿಗುರು ನೆಲ ಮುಚ್ಚುವುದಕ್ಕೆ ಮೊದಲೇ ವರ್ಷದ ಬಿರುಮಳೆ ಬಂದೆರಗುತ್ತದೆ. ರೈತನು ಹಾರೈಸಿ ಕಾಯುವ ಭರಣಿ ಮಳೆಯೇ ಗುಡ್ಡದ ಬುಡದ ಮನೆಗೆ ಅಂಜಿಕೆಯಾಗುವುದು ಹೀಗೆ.

ಪರದೇಶಗಳಲ್ಲಿ ಈ ಪಾಠವನ್ನು ಬಲು ದುಬಾರಿಯಾಗಿ ಕಲಿತಿದ್ದಾರೆ. ಅಮೆರಿಕದ ಲಾಸ್ ಏಂಜಲೀಸ್ ಬಳಿಯ ಬೆಟ್ಟಗಳು 1933ರ ನವೆಂಬರಿನಲ್ಲಿ ಉರಿದವು. 1934ರ ಹೊಸವರ್ಷದ ನಡುರಾತ್ರಿ ಅಲ್ಲಿಂದಿಳಿದ ಕೆಸರಿನ ಪ್ರವಾಹವು ಕೆಳಗಿನ ಊರುಗಳ ಮನೆಗಳನ್ನು ಕೊಚ್ಚಿ, ಹಲವರ ಪ್ರಾಣ ತೆಗೆಯಿತು. ಅನಂತರ ಅಲ್ಲಿನ ಕೌಂಟಿಯ ಆಡಳಿತವು ಕಣಿವೆಗಳ ಬಾಯಲ್ಲಿ ಕಲ್ಲು ಕೆಸರುಗಳನ್ನು ಹಿಡಿದಿಡುವ ದೊಡ್ಡ ಹೊಂಡಗಳನ್ನು ಕಟ್ಟಿಸಿತು. ಅರಿಜೋನಾ ಪ್ರಾಂತ್ಯದ ಫ್ಲಾಗ್‌ಸ್ಟಾಫ್ ನಗರದ ಕಥೆ ಇನ್ನೂ ಬೋಧಪ್ರದ. 2010ರ ಜೂನಿನಲ್ಲಿ, ಯಾರೋ ಆರಿಸದೆ ಬಿಟ್ಟುಹೋದ ಒಲೆಯ ಬೆಂಕಿಯಿಂದ ಅಲ್ಲಿನ ಬೆಟ್ಟದ ಸುಮಾರು 15,000 ಎಕರೆ ಸುಟ್ಟಿತು. ಒಂದೇ ತಿಂಗಳಲ್ಲಿ ಮಳೆ ಬಂದು ಬುಡದ ಬಡಾವಣೆಗಳಿಗೆ ನೀರು ನುಗ್ಗಿತು. ಹನ್ನೆರಡು ವರ್ಷದ ಬಾಲಕಿಯೊಬ್ಬಳು ತೀರಿಕೊಂಡಳು. 2012ರಲ್ಲಿ ಆ ನಗರದ ಮತದಾರರು, ಊರ ಮೇಲಣ ಅರಣ್ಯವನ್ನು ತೆಳುಗೊಳಿಸಿ ಕಿಚ್ಚಿನ ಉಗ್ರತೆಯನ್ನು ತಗ್ಗಿಸುವುದಕ್ಕಾಗಿ ಒಂದು ಕೋಟಿ ಡಾಲರು ಸಾಲವೆತ್ತಲು ಒಪ್ಪಿಗೆ ಕೊಟ್ಟರು. ಆ ಅರಣ್ಯದ ಬಹುಭಾಗ ನಗರದ ಸ್ವತ್ತಲ್ಲ, ಕೇಂದ್ರ ಸರ್ಕಾರದ್ದು ಎಂಬುದು ಇಲ್ಲಿ ಗಮನಾರ್ಹ. ಆದರೂ ವಿಧಿ ಕುಚೋದ್ಯ ಮಾಡದೆ ಬಿಡಲಿಲ್ಲ. ಕೆಲಸ ಪೂರೈಸುವ ಮೊದಲೇ, 2019ರಲ್ಲಿ, ಮರ ತೆಗೆಯುವ ಯಂತ್ರದಿಂದಲೇ ಕಿಡಿ ಹಾರಿ ಮತ್ತೊಂದು ಕಿಚ್ಚೆದ್ದಿತು. 2021ರಲ್ಲಿ ಆ ಇಳಿಜಾರಿನಿಂದ ನೆರೆ ಬಂದು ಊರೊಳಗೆ ನುಗ್ಗಿತು.

ಈ ಉದಾಹರಣೆಯಲ್ಲಿರುವ ಸ್ವತ್ತಿನ ಪ್ರಶ್ನೆ ಅರಸೀಕೆರೆಗೂ ಅನ್ವಯಿಸುತ್ತದೆ. ಗುಡ್ಡ ಅರಣ್ಯ ಇಲಾಖೆಯದು. ಕೆಳಗಿನ ಕೆರೆಯ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಾದರೆ ಅದು ಪಂಚಾಯಿತಿ ವ್ಯವಸ್ಥೆಗೆ, ಹೆಚ್ಚಾದರೆ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತದೆ. ರಸ್ತೆಯ ಮೋರಿ ಲೋಕೋಪಯೋಗಿ ಇಲಾಖೆಯದು, ರೈಲುದಾರಿಯ ಕೆಳಗಿನ ಮೋರಿ ರೈಲ್ವೆಯದು, ಬೀದಿಯ ಚರಂಡಿ ನಗರಸಭೆಯದು. ನೀರಿಗಾದರೋ ಈ ಗಡಿಗಳೊಂದೂ ತಿಳಿಯದು. ಆದ್ದರಿಂದ ಇವರೆಲ್ಲರನ್ನೂ ಒಂದೆಡೆ ಕೂರಿಸುವ ಹೊಣೆ, ಮನೆಗಳಿಗೆ ಹತ್ತಿರದಲ್ಲಿರುವ ಗ್ರಾಮ ಪಂಚಾಯಿತಿ ಅಥವಾ ನಗರಸಭೆಯ ಮೇಲೆಯೇ ಬೀಳುತ್ತದೆ.

ಬೆಂಕಿ ಆರಿದ ವಾರದಲ್ಲಿಯೇ ಮಾಡತಕ್ಕ ಮೊದಲ ಕೆಲಸವೆಂದರೆ, ಸುಟ್ಟ ಜಾಗದ ನೀರು ಯಾವ ಹಳ್ಳಕ್ಕಿಳಿದು, ಯಾವ ಕೆರೆ ಸೇರಿ, ಯಾರ ಮನೆಯ ಮುಂದೆ ಹಾಯುತ್ತದೆಂಬುದನ್ನು ಅರಣ್ಯ ಇಲಾಖೆಯವರೊಡನೆ ನಡೆದು ನೋಡಿ ಗುರುತಿಸುವುದು. ಕಾಗದದ ಮೇಲಿನ ನಕ್ಷೆಗಿಂತ ಹಳೆಯ ನೀರುಗಂಟಿಗೆ ಈ ವಿಷಯ ಚೆನ್ನಾಗಿ ತಿಳಿದಿರುತ್ತದೆ. ಎರಡನೆಯದು ಬೆತ್ತಲಾದ ನೆಲಕ್ಕೆ ಹೊದಿಕೆ. ಹುಲ್ಲು ಹರಡಿದ ಇಳಿಜಾರಿನಲ್ಲಿ ಮಣ್ಣಿನ ಕೊಚ್ಚಣೆ ಬಹಳಮಟ್ಟಿಗೆ ತಗ್ಗುವುದು ಅನುಭವಸಿದ್ಧ. ತೆಂಗಿನ ನಾಡಾದ ಅರಸೀಕೆರೆಯಲ್ಲಿ ಗರಿಗೆ ಬರವಿಲ್ಲ. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಮನೆಗಳ ಮೇಲಣ ಕಡಿದಾದ ಜಾಗಗಳಲ್ಲಿ ಗರಿಗಳನ್ನೂ ಸುಟ್ಟ ಕೊರಡುಗಳನ್ನೂ ಇಳಿಜಾರಿಗೆ ಅಡ್ಡಲಾಗಿ ಹಾಸಬಹುದು. ಸುಟ್ಟ ಇಳಿಜಾರಿನಲ್ಲಿ ಅವಸರದಿಂದ ಕಂದಕ ತೋಡುವುದು ಮಾತ್ರ ಸಲ್ಲದು. ಸಡಿಲವಾದ ಮಣ್ಣು ಮೊದಲ ಮಳೆಗೇ ಕೆಳಗಿಳಿಯುತ್ತದೆ.

ಈ ಸೀಮೆಯಲ್ಲಿ ಮನೆಯ ನಿಜವಾದ ಕಾವಲು ಕೆರೆಯೇ. ಒಂದರ ಕೋಡಿ ಮತ್ತೊಂದಕ್ಕೆ ಹರಿಯುವಂತೆ ಸಾಲಾಗಿ ಕಟ್ಟಿದ ಕೆರೆಗಳು ಗುಡ್ಡದಿಂದಿಳಿಯುವ ನೀರಿನ ಆವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ತಗ್ಗಿಸುತ್ತವೆ. ಸುಟ್ಟ ಗುಡ್ಡದ ಮಣ್ಣು ಬಂದು ಹೂಳಾಗಿ ಕುಳಿತಷ್ಟೂ ಕೆರೆಯ ಹೊಟ್ಟೆ ಕಿರಿದಾಗಿ, ಕೋಡಿ ಬೇಗ ಬೀಳುತ್ತದೆ. ಕೋಡಿಯ ಹಳ್ಳವನ್ನು ಒತ್ತಿ ಮನೆ ಕಟ್ಟಿದ್ದರೆ ನೀರಿಗೆ ಮನೆಯೇ ದಾರಿ. ಪೂರ್ವಿಕರು ಕೆರೆಯ ಜೀರ್ಣೋದ್ಧಾರಕ್ಕೆಂದೇ ಬಿತ್ತುವಟ್ಟ, ಕಟ್ಟುಕೊಡಗೆಗಳೆಂಬ ದತ್ತಿಗಳನ್ನು ಬಿಟ್ಟು ಶಾಸನ ಹಾಕಿಸಿದ್ದರು. ಹೂಳು ಪ್ರತಿವರ್ಷವೂ ಬರುವುದರಿಂದ ಅದನ್ನೆತ್ತುವ ಹಣವೂ ಪ್ರತಿವರ್ಷ ಬರಬೇಕೆಂಬ ಸರಳ ಗಣಿತ ಅವರಿಗೆ ಗೊತ್ತಿತ್ತು. 2014ರಲ್ಲಿ ರಾಜ್ಯವು ಕೆರೆಗಳ ಸಂರಕ್ಷಣೆಗೆಂದು ಪ್ರತ್ಯೇಕ ಕಾಯಿದೆಯನ್ನು ಮಾಡಿತು. ಒತ್ತುವರಿ ತೆರವಿಗೆ ಕಾನೂನಿನ ಕೊರತೆಯಿಲ್ಲ. ಪರವಾನಗಿ ಕೊಡುವ ಮುನ್ನ ಹಳ್ಳದ ಅಂಚನ್ನು ಅಳೆದು ನೋಡುವ ಸ್ಥಳೀಯ ಸಂಸ್ಥೆಯ ಗಟ್ಟಿತನ ಬೇಕು.

ಉಳಿದುದು ಮುನ್ನೆಚ್ಚರಿಕೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ಸ್ಥಾಪಿಸಿದೆ. ಸುಟ್ಟ ಗುಡ್ಡದ ಕೆಳಗೆ, ಎಷ್ಟು ಹೊತ್ತಿನಲ್ಲಿ ಎಷ್ಟು ಮಳೆಯಾದರೆ ಜನರನ್ನು ಎಬ್ಬಿಸಬೇಕೆಂಬುದನ್ನು ಪಂಚಾಯಿತಿ ಬೇಸಗೆಯಲ್ಲಿಯೇ ನಿಶ್ಚಯಿಸಿ, ಡಂಗುರದಲ್ಲಾಗಲಿ ದೂರವಾಣಿಯಲ್ಲಾಗಲಿ ತಿಳಿಸುವವರನ್ನು ಹೆಸರಿಸಿಡಬೇಕು. ಮೋರಿಗಳ ಕಸ ಅಶ್ವಿನಿ ಮಳೆಗೆ ಮುಂಚೆ ತೆಗೆದಿರಬೇಕು. ಮರಳಿನ ಚೀಲಗಳು ಹಳ್ಳದ ದಿಕ್ಕಿನ ಬಾಗಿಲುಗಳಲ್ಲಿರಬೇಕು. ರಾತ್ರಿ ಹೋಗಿ ಸೇರುವ ಶಾಲೆಯ ಬೀಗದಕೈ ಯಾರಲ್ಲಿದೆಯೆಂಬುದು ಎಲ್ಲರಿಗೂ ತಿಳಿದಿರಬೇಕು. ಮಣ್ಣಿನ ಲೇಪ ಕಳೆದು, ಬೇರು ಹಬ್ಬಿ, ಗುಡ್ಡ ಚೇತರಿಸಿಕೊಳ್ಳಲು ಸಾಮಾನ್ಯವಾಗಿ ಎರಡರಿಂದ ಐದು ವರ್ಷ ಹಿಡಿಯುತ್ತದೆ. ಆದಕಾರಣ ಮೊದಲ ಮಳೆಗಾಲ ಸುಖವಾಗಿ ಕಳೆಯಿತೆಂದು ಆ ಚೀಲಗಳನ್ನು ತೆಗೆಯಲಾಗದು. ಮೂರನೆಯ ವರ್ಷದ ಸ್ವಾತಿ ಮಳೆ ಮುಗಿಯುವವರೆಗಾದರೂ ಅವು ಬಾಗಿಲಲ್ಲಿಯೇ ಇರತಕ್ಕದ್ದು.