ಆಕ್ಸಿಟೋಸಿನ್ ಗ್ರಾಹಕ: ಹೆರಿಗೆಯಿಂದ ಹಾಲಿನವರೆಗೆ

ದ್ವಿತೀಯ ಪಿಯು ಜೀವಶಾಸ್ತ್ರದ ಸಂತಾನೋತ್ಪತ್ತಿ ಪಾಠದಲ್ಲಿ ಆಕ್ಸಿಟೋಸಿನ್ ಹೆಸರು ಕೆಲವೇ ಸಾಲುಗಳಲ್ಲಿ ಬಂದುಹೋಗುತ್ತದೆ. ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಅದನ್ನು ಹಿಡಿದುಕೊಳ್ಳುವ ಗ್ರಾಹಕ ಪ್ರೋಟೀನನ್ನು ತಿಳಿಯಬೇಕು.

ಆಕ್ಸಿಟೋಸಿನ್ 9 ಅಮೈನೋ ಆಮ್ಲಗಳ ನ್ಯೂರೋಪೆಪ್ಟೈಡ್. ಹೈಪೋಥಲಾಮಸ್‌ನಲ್ಲಿ ತಯಾರಾಗಿ ಹಿಂಭಾಗದ ಪಿಟ್ಯುಟರಿಯಿಂದ ರಕ್ತಕ್ಕೆ ಬಿಡುಗಡೆಯಾಗುತ್ತದೆ. 1953ರಲ್ಲಿ ಇದನ್ನು ಕೃತಕವಾಗಿ ತಯಾರಿಸಿದ ವಿನ್ಸೆಂಟ್ ದು ವಿನ್ಯೂ ಅವರಿಗೆ 1955ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಇದರ ಗ್ರಾಹಕದಲ್ಲಿ 389 ಅಮೈನೋ ಆಮ್ಲಗಳಿವೆ. ಅದು ಕೋಶಪೊರೆಯನ್ನು ಏಳು ಬಾರಿ ದಾಟಿ ಕೂತಿರುತ್ತದೆ. ಆಕ್ಸಿಟೋಸಿನ್ ಬಂದು ಅಂಟಿದೊಡನೆ ಒಳಗಿನ ಜಿ-ಪ್ರೋಟೀನ್ ಎಚ್ಚರಗೊಂಡು, ಐಪಿ3 ಎಂಬ ಎರಡನೇ ಸಂದೇಶವಾಹಕ ಹುಟ್ಟಿ, ಕ್ಯಾಲ್ಸಿಯಂ ಏರುತ್ತದೆ. ಸ್ನಾಯುಕೋಶ ಸಂಕುಚಿಸುತ್ತದೆ.

ಹೆರಿಗೆ: ಗರ್ಭದ ಕೊನೆಯ ದಿನಗಳಲ್ಲಿ ಗರ್ಭಕೋಶದ ಗೋಡೆಯಲ್ಲಿ ಈ ಗ್ರಾಹಕಗಳ ಸಂಖ್ಯೆ ಬಹಳ ಹೆಚ್ಚುತ್ತದೆ. ಆದ್ದರಿಂದಲೇ ಮೊದಲು ಅಷ್ಟಾಗಿ ಸ್ಪಂದಿಸದ ಗರ್ಭಕೋಶ ಈಗ ಸ್ವಲ್ಪ ಹಾರ್ಮೋನಿಗೂ ಬಿಗಿಯುತ್ತದೆ. ಸಂಕುಚನ ಹೆಚ್ಚಿದಂತೆ ಹಾರ್ಮೋನ್ ಹೆಚ್ಚು, ಹಾರ್ಮೋನ್ ಹೆಚ್ಚಿದಂತೆ ಸಂಕುಚನ ಹೆಚ್ಚು. ಇದು ಪಾಸಿಟಿವ್ ಫೀಡ್‌ಬ್ಯಾಕ್. ಮಗು ಹುಟ್ಟಿದ ಮೇಲೂ ಗರ್ಭಕೋಶ ಬಿಗಿಯಲೇಬೇಕು, ಇಲ್ಲವಾದರೆ ರಕ್ತಸ್ರಾವ ನಿಲ್ಲದು. ಅದಕ್ಕಾಗಿಯೇ ಹೆರಿಗೆಯಾದ ಕೂಡಲೇ 10 ಯೂನಿಟ್ ಆಕ್ಸಿಟೋಸಿನ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಾಲು: ನಮ್ಮ ಮನೆಯ ಮಲೆನಾಡು ಗಿಡ್ಡ ಹಸುವಿಗೆ ಉಮ್ಮ ಮೊದಲು ಕರು ಬಿಡುತ್ತಾರೆ. ಕರು ಕೆಚ್ಚಲಿಗೆ ಗುದ್ದಿದ ಮೇಲೆಯೇ ಹಾಲು ಇಳಿಯುವುದು. ಆ ಸ್ಪರ್ಶ ಮೆದುಳಿಗೆ ತಲುಪಿ, ಆಕ್ಸಿಟೋಸಿನ್ ಕೆಚ್ಚಲಿಗೆ ಬಂದು, ಹಾಲಿನ ಗೂಡುಗಳ ಸುತ್ತಲಿನ ಕೋಶಗಳ ಗ್ರಾಹಕಕ್ಕೆ ಅಂಟುತ್ತದೆ. ಹಸು ಬೆದರಿದರೆ ಅಡ್ರಿನಲಿನ್ ಅಡ್ಡಬರುತ್ತದೆ, ಹಾಲು ಇಳಿಯುವುದಿಲ್ಲ.

ಮೆದುಳು: ಇಲ್ಲಿಯೂ ಈ ಗ್ರಾಹಕವಿದೆ. ತಾಯಿ-ಮರಿಯ ನಂಟು, ಜೋಡಿಯ ಒಡನಾಟಗಳಲ್ಲಿ ಅದರ ಪಾತ್ರವಿರುವುದನ್ನು ಪ್ರಾಣಿಗಳ ಅಧ್ಯಯನಗಳು ತೋರಿಸಿವೆ.

ಒಂದು ಎಚ್ಚರಿಕೆಯೂ ಇದೆ. ಗಂಟೆಗಟ್ಟಲೆ ಆಕ್ಸಿಟೋಸಿನ್ ಹರಿಸಿದರೆ ಗ್ರಾಹಕಗಳು ಕೋಶದೊಳಕ್ಕೆ ಸರಿದು ಮಂಕಾಗುತ್ತವೆ. ಆಗ ಹೆರಿಗೆಯ ನಂತರ ಗರ್ಭಕೋಶ ಬಿಗಿಯದೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ದಿನವೂ ಚುಚ್ಚುಮದ್ದು ಹಾಕಿ ಕರೆದ ಹಸುವೂ ಬರಬರುತ್ತಾ ತಾನಾಗಿ ಹಾಲು ಇಳಿಸುವುದು ಕಡಿಮೆಯಾಗುತ್ತದೆ.

ಹಸುಗಳಿಗೆ ಹೀಗೆ ದುರ್ಬಳಕೆಯಾಗುತ್ತಿದೆ ಎಂದೇ ಕೇಂದ್ರ ಸರ್ಕಾರ 2018ರಲ್ಲಿ ದೇಶದ ಬಳಕೆಗೆ ಖಾಸಗಿ ಕಂಪನಿಗಳು ಇದನ್ನು ತಯಾರಿಸುವುದನ್ನು ನಿಷೇಧಿಸಿತು. ತಯಾರಿಕೆಯನ್ನು ಬೆಂಗಳೂರಿನ ಸಾರ್ವಜನಿಕ ಸಂಸ್ಥೆ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್‌ಗೆ ವಹಿಸಿತು. ತಾಯಂದಿರಿಗೆ ಔಷಧದ ಕೊರತೆಯಾದೀತೆಂಬ ಆತಂಕ ಎದ್ದಿತು. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ನಿಷೇಧವನ್ನು ರದ್ದುಪಡಿಸಿತು.

ನಮಗೆ ಇದು ದೂರದ ಸುದ್ದಿಯಲ್ಲ. ಈ ಔಷಧವನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಬಿಸಿಗೆ ಅದರ ಶಕ್ತಿ ಕುಗ್ಗುತ್ತದೆ. ಸಕಲೇಶಪುರ, ಆಲೂರಿನ ತೋಟದ ಊರುಗಳಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಆಸ್ಪತ್ರೆಯ ಫ್ರಿಜ್ ಕೆಲಸ ಮಾಡುತ್ತಿರಬೇಕು, ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಗ್ರಾಹಕಗಳು ಸಿದ್ಧವಾಗಿದ್ದರೂ ಔಷಧ ಕೆಟ್ಟಿದ್ದರೆ ಪ್ರಯೋಜನವಿಲ್ಲ.

ಯೋಚಿಸಿ ಉತ್ತರಿಸಿ:
1. ಹಾರ್ಮೋನ್ ಪ್ರಮಾಣ ಅಷ್ಟೇ ಇದ್ದರೂ ಗರ್ಭಕೋಶದ ಸ್ಪಂದನ ಏಕೆ ಹೆಚ್ಚಬಹುದು?
2. ಆಕ್ಸಿಟೋಸಿನ್ ಕೋಶದೊಳಗೆ ಹೋಗದೆಯೇ ಕ್ಯಾಲ್ಸಿಯಂ ಏರುವುದು ಹೇಗೆ?