ಕದ ತಟ್ಟಿದವರಿಗೆಲ್ಲ ಓಗೊಡಬೇಡ

ಪುಟ್ಟೀ,

ನಿನ್ನ ಹೊಸ ಮನೆಯ ಗೃಹಪ್ರವೇಶದ ದಿನ ಎಲ್ಲರೂ ಅಡುಗೆಮನೆ, ದೇವರಮನೆ ನೋಡುತ್ತಿದ್ದಾಗ ನನ್ನ ಕಣ್ಣು ಹೋದದ್ದು ಟಿವಿಯ ಹಿಂದೆ ಮಿಣಮಿಣ ಎನ್ನುತ್ತಿದ್ದ ರೂಟರಿನ ಮೇಲೆ. ಬದುಕೆಲ್ಲ ಟೆಲಿಫೋನ್ ತಂತಿಗಳ ಜೊತೆ ಕಳೆದವನ ಚಾಳಿ ಅದು. ಹೋಳಿಗೆ ಊಟದ ನಡುವೆ ಆಡುವ ಮಾತಲ್ಲವೆಂದು ಅಂದು ಸುಮ್ಮನಿದ್ದೆ.

ನೀನು ಹುಟ್ಟುವ ಮೊದಲು, ತೊಂಬತ್ತರ ದಶಕದಲ್ಲಿ, ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ದೆವ್ವವೊಂದು ಮನೆಯವರದೇ ದನಿಯಲ್ಲಿ ಕೂಗುತ್ತದೆ, ಓಗೊಟ್ಟರೆ ಕತೆ ಮುಗಿಯಿತು ಎಂಬ ಭಯ. ಆ ದೆವ್ವವನ್ನು ನಾನಂತೂ ಕಾಣಲಿಲ್ಲ. ನಿನ್ನ ರೂಟರಿನ ಕದ ತಟ್ಟುವವರು ಮಾತ್ರ ನಿಜ. ಹಗಲು ರಾತ್ರಿ ಎನ್ನದೆ ತಟ್ಟುತ್ತಲೇ ಇದ್ದಾರೆ.

ನಿನ್ನ ಮೇಲಿನ ಹಗೆಯಿಂದಲ್ಲ; ಅವರು ತಟ್ಟುವುದು ಎಲ್ಲರ ಬಾಗಿಲನ್ನೂ. ಹಳೆಯ ಬಗೆಯ ಐಪಿ ವಿಳಾಸಗಳು ಇಡೀ ಜಗತ್ತಿಗೆ ಸುಮಾರು 430 ಕೋಟಿ ಮಾತ್ರ. ಒಂದೇ ಕಂಪ್ಯೂಟರಿನಿಂದ, ಅಷ್ಟೂ ವಿಳಾಸಗಳ ಒಂದು ಪೋರ್ಟನ್ನು, ಅಂದರೆ ಒಂದೊಂದು ಬಾಗಿಲನ್ನು, ಮುಕ್ಕಾಲು ಗಂಟೆಯೊಳಗೆ ತಟ್ಟಿ ಬರಬಹುದೆಂದು ಮಿಷಿಗನ್ ವಿಶ್ವವಿದ್ಯಾಲಯದವರು 2013ರಲ್ಲೇ ತೋರಿಸಿದರು. ಅವರ ಆ ತಂತ್ರಾಂಶದ ಹೆಸರು ಝೀಮ್ಯಾಪ್. ಹೀಗೆ ತಟ್ಟಿದಾಗ ಯಾವ ಯಂತ್ರ ಏನೆಂದು ಉತ್ತರಿಸಿತು ಎಂಬುದನ್ನು ಕಲೆಹಾಕಿ, ಹುಡುಕಲು ಕೊಡುವ ಶೋಡಾನ್ ಎಂಬ ಜಾಲತಾಣ 2009ರಿಂದಲೇ ಇದೆ. ಯಾವುದಾದರೂ ಮಾಡೆಲಿನಲ್ಲಿ ಲೋಪವಿದೆಯೆಂಬ ಸುದ್ದಿ ಇವತ್ತು ಹೊರಬಿದ್ದರೆ, ಕಳ್ಳ ಊರೂರು ಅಲೆಯಬೇಕಿಲ್ಲ. ಆ ಮಾಡೆಲಿನ ಹೆಸರು ಹಾಕಿ ಹುಡುಕಿದರೆ ಸಾಕು, ಪಟ್ಟಿಯೇ ಕೈಗೆ ಬರುತ್ತದೆ.

ನಮ್ಮ ರೂಟರುಗಳೋ, ಮಹಾ ವಾಚಾಳಿಗಳು. ಕೆಲವು ವರ್ಷಗಳ ಹಿಂದೆ ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ನನ್ನ ಮನೆಯದೇ ಐಪಿ ವಿಳಾಸ ಒತ್ತಿದೆ. ಲಾಗಿನ್ ಪುಟ ತಟ್ಟನೆ ತೆರೆದುಕೊಂಡಿತು. ಮೇಲ್ಗಡೆ ದಪ್ಪಕ್ಷರದಲ್ಲಿ ಕಂಪನಿಯ ಹೆಸರು, ಮಾಡೆಲ್ ಸಂಖ್ಯೆ. ಕೆಳಗೆ ಸಣ್ಣಗೆ ಫರ್ಮ್‌ವೇರಿನ ಆವೃತ್ತಿ. ದಾರಿಹೋಕನ ಮುಂದೆ ಕುಲಗೋತ್ರ ಒಪ್ಪಿಸಿದ ಹಾಗೆ! ಯಾವಾಗಲೋ ಪ್ರವಾಸದಲ್ಲಿದ್ದಾಗ ಬೇಕಾದೀತೆಂದು ರಿಮೋಟ್ ಮ್ಯಾನೇಜ್‌ಮೆಂಟ್ ತೆರೆದಿಟ್ಟು ಮರೆತವನು ನಾನೇ.

ಆದ್ದರಿಂದ ನಿನಗೆ ಮೊದಲ ಮಾತು ಇದೇ: ಆ ರಿಮೋಟ್ ಮ್ಯಾನೇಜ್‌ಮೆಂಟ್ ಮುಚ್ಚು. ರೂಟರಿನ ಸೆಟ್ಟಿಂಗ್ಸ್ ಮನೆಯೊಳಗಿಂದ ಮಾತ್ರ ಸಿಗಲಿ. ಕೇಳದೆಯೇ ಹೊರಗಿನ ಪೋರ್ಟ್ ತೆರೆದುಕೊಡುವ ಯುಪಿಎನ್‌ಪಿಯನ್ನೂ, ಬೇಕೇಬೇಕೆನ್ನುವ ಕಾರಣವಿಲ್ಲದಿದ್ದರೆ, ಆಫ್ ಮಾಡು. ಆಮೇಲೆ ಫೈರ್‌ವಾಲ್. ಅಲ್ಲಿ ಕರೆಯದೆ ಬಂದವರನ್ನು ತಡೆಯಲು ಎರಡು ಬಗೆ: ‘ರಿಜೆಕ್ಟ್’ ಮತ್ತು ‘ಡ್ರಾಪ್’. ರಿಜೆಕ್ಟ್ ಎಂದರೆ ಬಾಗಿಲ ಮೇಲಿನ ‘ನಾಳೆ ಬಾ’. ಒಳಗೆ ಬಿಡುವುದಿಲ್ಲ, ಆದರೆ ಮನೆಯಲ್ಲಿ ಜನ ಇದ್ದಾರೆಂದು ಸಾರುತ್ತದೆ. ಡ್ರಾಪ್ ಎಂದರೆ ಓಗೊಡದೆ ದೀಪ ಆರಿಸಿ ಕೂತಂತೆ. ನೀನು ಡ್ರಾಪ್ ಆರಿಸಿಕೋ. ‘ಇದ್ದೀಯಾ?’ ಎಂದು ಕೇಳುವ ಹೊರಗಿನ ಪಿಂಗ್‌ಗೂ ಉತ್ತರ ಬೇಡ. ಆದರೆ ಹೊಸ ಬಗೆಯ ವಿಳಾಸವಾದ ಐಪಿವಿ6 ಇರುವ ಕಡೆ, ಪಿಂಗ್ ಓಡಾಡುವ ಐಸಿಎಂಪಿಯನ್ನು ಪೂರ್ತಿ ತಡೆದುಬಿಡಬೇಡ. ಡೇಟಾ ಪೊಟ್ಟಣದ ಗಾತ್ರ ದೊಡ್ಡದಾಯಿತೆಂದು ತಿಳಿಸುವ ಸಂದೇಶ ಬರುವುದು ಅದರಲ್ಲೇ. ತಡೆದರೆ ಕೆಲವು ಜಾಲತಾಣಗಳು ಅರ್ಧಕ್ಕೇ ನಿಂತುಬಿಡುತ್ತವೆ.

ರೂಟರಿನ ಪುಟದಲ್ಲಿ ಹೊರವಿಳಾಸ 100.64ರಿಂದ 100.127ರವರೆಗಿನ ಅಂಕಿಗಳಿಂದ ಶುರುವಾದರೆ, ಇಂಟರ್ನೆಟ್ ಕಂಪನಿಯವರು ಹಲವು ಮನೆಗಳಿಗೆ ಒಂದೇ ವಿಳಾಸ ಹಂಚಿದ್ದಾರೆಂದು ಅರ್ಥ. ಹೊರಗಿನವರು ನೇರವಾಗಿ ನಿನ್ನ ಬಾಗಿಲಿಗೆ ಬರಲಾರರು. ಹಾಗೆಂದು ಮೈಮರೆಯಬೇಡ. ಐಪಿವಿ6ನಲ್ಲಿ ನಿನ್ನ ಟಿವಿಗೂ ಕ್ಯಾಮೆರಾಕ್ಕೂ ಬೇರೆಬೇರೆ ವಿಳಾಸ ಇರುತ್ತದೆ. ರೂಟರಿನಲ್ಲಿ ಐಪಿವಿ6ನ ಫೈರ್‌ವಾಲ್ ಆನ್ ಆಗಿದೆಯೇ ಎಂದು ಪ್ರತ್ಯೇಕವಾಗಿ ನೋಡು.

ಇನ್ನು, ಇಂಟರ್ನೆಟ್ ಕಂಪನಿಯವರೇ ತಮ್ಮ ನಿರ್ವಹಣೆಗೆಂದು ಇಟ್ಟುಕೊಂಡ ಹಿತ್ತಲ ಬಾಗಿಲು. 7547 ಎಂಬ ಪೋರ್ಟ್ ಇದಕ್ಕೇ ಹೆಸರಾದದ್ದು. 2016ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಡಾಯ್ಚ ಟೆಲಿಕಾಂ ಗ್ರಾಹಕರ ಸುಮಾರು 9 ಲಕ್ಷ ರೂಟರುಗಳು ಕಂಗೆಟ್ಟು ನಿಂತದ್ದು ಆ ಪೋರ್ಟನ್ನು ತಟ್ಟಿದವರ ದೆಸೆಯಿಂದ. ಕನೆಕ್ಷನ್ ಕೊಡಲು ಬಂದ ಹುಡುಗನನ್ನು ಕೇಳು: ‘ಇದು ನಿಮ್ಮ ಸರ್ವರಿಗೆ ಮಾತ್ರ ತೆರೆಯುತ್ತದಾ, ಊರಿಗೆಲ್ಲಾ ತೆರೆಯುತ್ತದಾ?’ ಅವನಿಗೆ ಗೊತ್ತಿಲ್ಲದಿದ್ದರೆ ಗೊತ್ತಿರುವವರಿಗೆ ಫೋನ್ ಮಾಡಿಸು.

ಇಷ್ಟೆಲ್ಲ ಹೇಳಿದವನೇ ಈಗ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹೆಸರು ಮರೆಸಿದ ಮಾತ್ರಕ್ಕೆ ಮನೆ ಭದ್ರವಾಗುವುದಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಭ್ರಮೆ ಅದು. 2016ರ ಮಿರಾಯ್ ಎಂಬ ಹುಳು ಯಾರ ನಾಮಫಲಕವನ್ನೂ ಓದುತ್ತ ಕೂರಲಿಲ್ಲ. ಕಾರ್ಖಾನೆಯಿಂದ ಬಂದ ಅರವತ್ತು ಚಿಲ್ಲರೆ ಪಾಸ್‌ವರ್ಡುಗಳ ಗೊಂಚಲು ಹಿಡಿದು ಸಿಕ್ಕಸಿಕ್ಕ ಬೀಗಗಳಿಗೆಲ್ಲ ತುರುಕಿತು. ಲಕ್ಷಗಟ್ಟಲೆ ಬೀಗಗಳು ತೆರೆದವು. ಪೆಟ್ಟಿಗೆಯ ತಳದ ಚೀಟಿಯಲ್ಲಿರುವ ಪಾಸ್‌ವರ್ಡನ್ನು ಬದಲಿಸದೆ, ಫರ್ಮ್‌ವೇರ್ ಅಪ್‌ಡೇಟ್ ಮಾಡದೆ, ಬರೀ ಪಿಂಗ್ ಮುಚ್ಚಿ ಬೀಗಿದರೆ ಪ್ರಯೋಜನವಿಲ್ಲ. ಚಿಲಕ ಮೊದಲು, ಮೌನ ಆಮೇಲೆ. ರೂಟರ್ ತಯಾರಿಸಿದ ಕಂಪನಿ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ್ದರೆ ಆ ರೂಟರಿಗೆ ವಿದಾಯ ಹೇಳು. ಚೆನ್ನಾಗಿ ಓಡುತ್ತಿದೆಯಲ್ಲ ಎಂಬ ಲೋಭ ಬೇಡ.

ಎಲ್ಲ ಮುಗಿಸಿದ ಮೇಲೆ ನಾನು ಮಾಡಿದ ಹಾಗೆ ವೈಫೈ ಆರಿಸಿ ಹೊರಗಿನಿಂದ ಪರೀಕ್ಷಿಸು. ಮನೆಯೊಳಗಿಂದ ನೋಡಿದರೆ ಬಾಗಿಲು ಯಾವಾಗಲೂ ತೆರೆದೇ ಕಾಣುತ್ತದೆ. ತಟ್ಟುವುದು ನಿನ್ನ ಬಾಗಿಲನ್ನು ಮಾತ್ರ, ಪಕ್ಕದವರದನ್ನಲ್ಲ. ಪುಟ ತೆರೆಯದೆ ಫೋನು ಸುಮ್ಮನೆ ಸುತ್ತುತ್ತಾ ಕೂತರೆ ಗೆದ್ದೆ ಎಂದುಕೋ.

ಸುತ್ತದೆ ತೆರೆದೇಬಿಟ್ಟರೆ ನನಗೆ ಫೋನ್ ಮಾಡು. ನಿನ್ನ ಕರೆಗೆ ದೊಡ್ಡಪ್ಪ ಮೊದಲ ಕೂಗಿಗೇ ಓಗೊಡುತ್ತಾನೆ.